ಗೂಡಿಗೆ ಬಂದ ಮೇಲೆ

ಬಾರ್ನ್‌ಸ್ಲಿಯ ಪಾರಿವಾಳ ಕ್ಲಬ್ಬಿನ ಹಿಂಗೋಣೆ.
ಗೋಡೆಗೆ ಮಂಕು ಹಿಡಿದ ಕಪ್ಪುಗಳು, ಮೂಲೆಗೆ ಜೋಳದ ಮೂಟೆ,
ನಡುವೆ ಹದಿನೇಳು ವರ್ಷದ ಕಂಪ್ಯೂಟರು
ಏರು ಹತ್ತಿದ ಮುದಿ ಎತ್ತಿನಂತೆ ಏದುಸಿರು ಬಿಡುತ್ತಿದೆ.

ಎದುರಿನ ಔಷಧದಂಗಡಿಯಲ್ಲಿ ಗುಳಿಗೆ ಎಣಿಸುವವಳು ನಾನು.
ಒಮ್ಮೆ ಪ್ರಿಂಟರಿನ ಬಾಯಿಂದ
ಸಿಕ್ಕಿಬಿದ್ದ ಕಾಗದ ಎಳೆದುಕೊಟ್ಟದ್ದೇ ತಪ್ಪಾಯಿತು,
ಅಂದಿನಿಂದ ಬೀದಿಗೆಲ್ಲ ನಾನೇ ಯಂತ್ರವೈದ್ಯೆ.

"ಶನಿವಾರ ಪಂದ್ಯ," ಅಂದ ಕಾರ್ಯದರ್ಶಿ ವಿಲ್ಫ್ ಓಲ್ಡ್‌ರಾಯ್ಡ್.
"ಹಕ್ಕಿ ಫ್ರಾನ್ಸಿನಿಂದ ಹಾರಿ ಬಂದು, ಕಾಳು ತಿಂದು,
ರೆಕ್ಕೆಯೊಳಗೆ ತಲೆಯಿಟ್ಟು ನಿದ್ದೆ ಹೋದರೂ
ಇದಿನ್ನೂ ಕಣ್ಣು ಬಿಟ್ಟಿರುವುದಿಲ್ಲ."

ಪೆಟ್ಟಿಗೆಗೆ ಕಿವಿಯಿಟ್ಟೆ.
ಕರ ಕರ, ಕಿರ್ರ್, ಮತ್ತೆ ಕರ ಕರ.
ತಗಡಿನ ಡಬ್ಬಿಯಲ್ಲಿ ಕಾಳು ಕುಲುಕಿದ ಸದ್ದು.
ಅವರು ಹಕ್ಕಿಯನ್ನು ಮನೆಗೆ ಕರೆಯುವುದೂ ಹಾಗೆಯೇ ಅಂತೆ.

ಎದ್ದ ಕೂಡಲೇ ಕುಣಿಯಲು ನಿಲ್ಲುವ
ಹನ್ನೊಂದು ಪ್ರೋಗ್ರಾಮುಗಳನ್ನು ಮಲಗಿಸಿದೆ.
ಯಾರೂ ಕೇಳದ್ದನ್ನು ಹಗಲಿರುಳು ಪಟ್ಟಿ ಮಾಡುತ್ತಿದ್ದ
ಇಂಡೆಕ್ಸಿಂಗ್ ಎಂಬ ಗುಮಾಸ್ತನಿಗೆ ರಜೆ ಕೊಟ್ಟೆ.
ಇಪ್ಪತ್ತು ನಿಮಿಷ ಸುಮ್ಮನಿದ್ದರೆ ಡಿಸ್ಕು ಮಲಗಲಿ ಎಂದಿದ್ದಲ್ಲಿ
'ಎಂದಿಗೂ ಬೇಡ' ಎಂದು ಬದಲಿಸಿದೆ.
"ನನ್ನ ಹೆಂಡತಿಗೂ ಅದೇ ಸೆಟ್ಟಿಂಗು," ಅಂದ ವಿಲ್ಫ್.

ಆಮೇಲೆ ಡಿಫ್ರಾಗ್.
ತೆರೆಯ ಮೇಲೆ ಕೆಂಪು, ನೀಲಿ ಗೆರೆ ಗೆರೆ,
ಯಾರೋ ಬಿಚ್ಚಿ ಹಾಸಿದ ಖಣದ ಹಾಗೆ.
"ಕೆಂಪೆಲ್ಲ ಚೂರಾದದ್ದು.
ಒಂದೇ ಪಂದ್ಯದ ಲೆಕ್ಕ ನಲವತ್ತು ಕಡೆ ಕೂತಿದೆ,
ಮುಳ್ಳು ಓಡಿ ಓಡಿ ಹೆಕ್ಕಿ ತರಬೇಕು."
"ಗಿಡುಗ ಎರಗಿದ ಹಿಂಡು," ಅಂದ.
"ಆ ಹಸಿರು?"
"ಅದು ಕದಲದ್ದು. ಎತ್ತಿಡಲು ಬಾರದು."
"ಓ, ಕಾವಿಗೆ ಕೂತದ್ದು."
ಅವನಿಗೆ ನಾನು ಕಲಿಸುವುದೇನೂ ಉಳಿಯಲಿಲ್ಲ.

ಉಳಿದದ್ದು ಒಂದು ಚೌಕ.
ಟಿಕ್ ಹಾಕಿದರೆ ಬರೆಯುವ ಮೊದಲೇ
'ಬರೆದಾಯ್ತು' ಅನ್ನುತ್ತದೆ ಡಿಸ್ಕು;
ಮಡಿಲಲ್ಲಿ ಇಟ್ಟುಕೊಂಡು
ಪುರುಸೊತ್ತಾದಾಗ ಬರೆಯುತ್ತದೆ.
ವೇಗ ಹೆಚ್ಚು. ಅಷ್ಟರಲ್ಲಿ ಕರೆಂಟು ಹೋದರೆ ಮಾತ್ರ...

ವಿಲ್ಫ್ ಕನ್ನಡಕ ತೆಗೆದ.
"ಎಂಬತ್ತಮೂರರಲ್ಲಿ ನನ್ನ ಬೂದು ಹೆಣ್ಣು ಎಲ್ಲರಿಗಿಂತ ಮೊದಲು ಬಂತು.
ಬಂದು ಚಿಮಣಿಯ ಮೇಲೆ ಕೂತಿತು.
ಕೆಳಗೆ ನಾನು, ಡಬ್ಬಿ ಕುಲುಕುತ್ತ, ಒಂಬತ್ತು ನಿಮಿಷ.
ಇಡೀ ಬೀದಿ ನೋಡಿತು ಅದು ಬಂದದ್ದನ್ನು,
ಪಕ್ಕದ ಮನೆಯವನು ಬಿಯರ್ ಬಾಟಲಿಯನ್ನೂ ತೆರೆದ.
ಕಾಲಿನ ಉಂಗುರ ಕಳಚಿ ಗಡಿಯಾರದೊಳಗೆ ಹಾಕಿದಾಗ
ನಾನು ನಾಲ್ಕನೆಯವನು."

'ಕೂಸು ಹುಟ್ಟುವ ಮುಂಚೆ ಕುಲಾವಿ' ಅಂತೀವಿ ನಾವು, ಅಂದೆ.
ಅರ್ಥ ಹೇಳಿದೆ. ಎರಡು ಸಲ ಹೇಳಿಸಿಕೊಂಡ,
'ಕುಲಾವಿ' ಅವನ ಬಾಯಲ್ಲಿ
ಯಾವುದೋ ಒಳ್ಳೆಯ ತಳಿಯ ಹೆಸರಾಯಿತು.

"ಟಿಕ್ ತೆಗೆ," ಅಂದ. "ನಿಧಾನವಾದರೆ ಆಗಲಿ.
ಗೂಡಿಗೆ ಬಂದ ಮೇಲೆ ಬಂತು ಅನ್ನಲಿ."

ತೆಗೆದೆ.
ನೂರಕ್ಕೆ ಮೂವತ್ತೊಂದು ಎಂದು ತೋರಿಸುತ್ತಿತ್ತು ತೆರೆ,
ಕೆಂಪು ಒಂದೊಂದೇ ನೀಲಿಯೊಳಗೆ ಇಳಿಯುತ್ತಿತ್ತು,
ವಿಲ್ಫ್ ಕುರ್ಚಿ ಎಳೆದುಕೊಂಡು
ಆಕಾಶ ನೋಡುವ ಕಣ್ಣಲ್ಲಿ ಅದನ್ನೇ ನೋಡುತ್ತ ಕೂತ.
ಚಹಾ ಆರಿತು. ನಾನು ರಸ್ತೆ ದಾಟಿದೆ.

ಅಂಗಡಿಯ ಮೇಜಿನ ಮೇಲೆ
ಊಟದ ಬಿಡುವಿಗೆ ಮೊದಲು ಎಣಿಸಿ,
ಆಯ್ತೆಂದು ಸಹಿ ಹಾಕಿಟ್ಟ ಪೊಟ್ಟಣ.
ಬಿಚ್ಚಿದೆ. ತಟ್ಟೆಗೆ ಸುರಿದು ಮತ್ತೆ ಎಣಿಸಿದೆ:
ಇಪ್ಪತ್ತೇಳು.
ಇಪ್ಪತ್ತೆಂಟನೆಯದು
ತಟ್ಟೆಯ ಅಂಚಿನಾಚೆ, ಬೆಳ್ಳಗೆ,
ಕೂತಿತ್ತು.